ನಾಳೆಯ ಮಳೆಗೇ ಖಾತ್ರಿ ಇಲ್ಲ, 2050ರ ಮಳೆಯ ಲೆಕ್ಕ ನಂಬೋದು ಹೇಗೆ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ಎರೆ ಹೊಲ. ಮುಂಗಾರಿಗೆ ತೊಗರಿ, ಹೆಸರು. ಹಿಂಗಾರಿಗೆ ಜೋಳ, ಕಡಲೆ. ಈಚೆಗೆ ನಮ್ಮ ಕಡೆ ನಡೆದ ಒಂದು ರೈತರ ತರಬೇತಿಯಲ್ಲಿ ಪರದೆ ಮೇಲೆ ಬಣ್ಣದ ನಕ್ಷೆ ತೋರಿಸಿ, "2050ರ ಹೊತ್ತಿಗೆ ಈ ಭಾಗದಲ್ಲಿ ಮಳೆ ಜಾಸ್ತಿ ಆಗುತ್ತದೆ, ಕ್ಲೈಮೇಟ್ ಮಾಡೆಲ್‌ಗಳು ಹಾಗೆ ಹೇಳುತ್ತವೆ" ಎಂದರು. ನಾವು ಕಾಣುತ್ತಿರೋದು ಬೇರೇನೇ ಇದೆ ಸರ್. ಮಿರಗ (ಮೃಗಶಿರಾ) ಮಳೆ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ನಡುವೆ ವಾರಗಟ್ಟಲೆ ಒಣ. ಹೆಸರು ರಾಶಿ ಮಾಡೋ ಹೊತ್ತಿಗೆ ಸುರಿದು ಎಲ್ಲ ಕೊಳೆಯುತ್ತದೆ. ನಾಳೆಯ ಮಳೆಯನ್ನೇ ಸರಿಯಾಗಿ ಹೇಳಲಾಗದ ಕಂಪ್ಯೂಟರು 2050ರ ಮಳೆ ಹೇಳುತ್ತದಾ? ಇದನ್ನು ನಂಬಿ ತೊಗರಿ ಬಿಡಬೇಕಾ? ಕೃಷಿಹೊಂಡಕ್ಕೆ ದುಡ್ಡು ಹಾಕಬೇಕಾ?

ಉತ್ತರ:

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಆ ನಕ್ಷೆ ಸುಳ್ಳಲ್ಲ. ಆದರೆ ಅದು ಉತ್ತರ ಕೊಡುವ ಪ್ರಶ್ನೆ ಬೇರೆ, ನಿಮ್ಮ ಪ್ರಶ್ನೆ ಬೇರೆ. ದೇಶದ ಮಟ್ಟದಲ್ಲಿ ಮುಂಗಾರು ಯಾವ ಕಡೆ ವಾಲುತ್ತಿದೆ ಎಂದು ಕೇಳಿದರೆ, ಕಂಪ್ಯೂಟರಿನಲ್ಲಿ ಹವೆಯ ಲೆಕ್ಕ ಹಾಕುವ ಈ ಮಾಡೆಲ್‌ಗಳ ಮಾತಿಗೆ ಬೆಲೆ ಇದೆ. ಆಳಂದದಲ್ಲಿ ಎಷ್ಟು ಮಿಲಿಮೀಟರ್, ನಡುವೆ ಎಷ್ಟು ದಿನ ಮಳೆಯಿಲ್ಲದ ತೆರಪು, ಯಾವ ನಕ್ಷತ್ರದಲ್ಲಿ ಜೋರು ಎಂದು ಕೇಳಿದರೆ ಇವತ್ತಿನ ಮಾಡೆಲ್‌ಗಳು ಅಲ್ಲಿವರೆಗೆ ಬಂದಿಲ್ಲ. ರೈತರಿಗೆ ಬೇಕಾಗಿರೋದು ಈ ಎರಡನೆಯದೇ. ಉಷ್ಣವಲಯದ ಮಳೆಯ ವಿಷಯದಲ್ಲಿ ಮಾಡೆಲ್‌ಗಳು ಹೆಚ್ಚು ಎಡವೋದೂ ಇಲ್ಲೇ. ಆ ನಕ್ಷೆ ನೋಡಿ ತೊಗರಿ ಬಿಡಬೇಡಿ. ಹೊಂಡಕ್ಕೆ ಮಾತ್ರ ದುಡ್ಡು ಹಾಕಬಹುದು. ಅದರ ಕಾರಣ ಆಮೇಲೆ ಹೇಳುತ್ತೇನೆ.

"ನಾಳೆಯದೇ ಗೊತ್ತಿಲ್ಲ, 2050 ಹೇಗೆ" ಎಂಬ ಮಾತು ಎಲ್ಲರೂ ಕೇಳುತ್ತಾರೆ. ನಾಳೆಯ ಮುನ್ಸೂಚನೆ ಶುರುವಾಗೋದು ಇವತ್ತಿನ ಗಾಳಿ, ತೇವ, ಒತ್ತಡದ ಅಳತೆಯಿಂದ. ಆ ಅಳತೆಯಲ್ಲಿರುವ ಸಣ್ಣ ತಪ್ಪು ದಿನ ಕಳೆದಂತೆ ಬೆಳೆಯುತ್ತದೆ. ಸುಮಾರು ಎರಡು ವಾರ ದಾಟಿದರೆ ಇಂಥ ದಿನ ಇಂಥ ಊರಿಗೆ ಮಳೆ ಎಂದು ಹೇಳೋಕೆ ಸಾಧ್ಯವೇ ಇಲ್ಲ. ಕ್ಲೈಮೇಟ್ ಮಾಡೆಲ್ ಯಾವ ದಿನದ ಮಾತನ್ನೂ ಆಡುವುದಿಲ್ಲ. ಸೂರ್ಯನ ಬಿಸಿಲು, ಸಮುದ್ರ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀಗಿದ್ದರೆ ಇಪ್ಪತ್ತು ಮೂವತ್ತು ವರ್ಷಗಳ ಸರಾಸರಿ ಹೇಗಿರುತ್ತದೆ ಎಂದು ಲೆಕ್ಕ ಹಾಕುತ್ತದೆ. ಮಿರಗ ಯಾವ ದಿನ ಹತ್ತುತ್ತದೆ ಎಂದು ನಿಮಗೂ ಗೊತ್ತಿರೋದಿಲ್ಲ. ಆದರೂ ಮೇ ತಿಂಗಳಿಗಿಂತ ಜುಲೈನಲ್ಲಿ ಮಳೆ ಜಾಸ್ತಿ ಎಂಬ ಭರವಸೆಯಲ್ಲೇ ಕೂರಿಗೆ ಸಜ್ಜು ಮಾಡುತ್ತೀರಿ, ಅಲ್ವಾ? ಹಾಗಾಗಿ ನಾಳೆಯ ಮಳೆ ತಪ್ಪಿತು ಎಂಬ ಕಾರಣಕ್ಕೆ 2050ರ ಲೆಕ್ಕವನ್ನು ತಳ್ಳಿಹಾಕಬೇಕಿಲ್ಲ. ಅದನ್ನು ಅನುಮಾನಿಸೋಕೆ ಬೇರೆ ಗಟ್ಟಿ ಕಾರಣಗಳಿವೆ.

ಮೊದಲನೆಯದು ಚೌಕದ ಗಾತ್ರ. ಮಾಡೆಲ್ ಇಡೀ ಭೂಮಿಯನ್ನು ಚೌಕಗಳಾಗಿ ಹೋಳು ಮಾಡುತ್ತದೆ. ಪ್ರತಿ ಚೌಕಕ್ಕೂ ಒಂದು ಉಷ್ಣಾಂಶ, ಒಂದು ತೇವ, ಒಂದು ಮಳೆ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2021ರ ವರದಿಗೆ ಬಳಸಿದ ಮಾಡೆಲ್‌ಗಳಲ್ಲಿ ಹೆಚ್ಚಿನವುಗಳ ಚೌಕ ಸುಮಾರು 100 ಕಿ.ಮೀ. ಉದ್ದ, 100 ಕಿ.ಮೀ. ಅಗಲ. ಅಂದರೆ 10,000 ಚದರ ಕಿ.ಮೀ. ಕಲಬುರಗಿ ಜಿಲ್ಲೆ ಸುಮಾರು 11,000 ಚದರ ಕಿ.ಮೀ. ಇದೆ. ಇಡೀ ಜಿಲ್ಲೆ ಹೆಚ್ಚೂ ಕಡಿಮೆ ಒಂದೇ ಚೌಕ! ಬೀದರ್, ಯಾದಗಿರಿ ಎರಡನ್ನೂ ಸೇರಿಸಿದರೆ ಇನ್ನೊಂದು. ಪೂರ್ವದ ಚಿಂಚೋಳಿಯಲ್ಲಿ ಕಾಡಿದೆ, ಪಶ್ಚಿಮದ ಅಫಜಲಪುರಕ್ಕಿಂತ ಅಲ್ಲಿ ಮಳೆ ಜಾಸ್ತಿ. ನಮಗೆಲ್ಲ ಗೊತ್ತಿರುವ ವಿಷಯ. ಮಾಡೆಲ್‌ಗೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಆಳಂದಕ್ಕೂ ಸೇಡಂಗೂ ಒಂದೇ ಅಂಕಿ. ನಿಮಗೆ ತೋರಿಸಿದ ನಕ್ಷೆಯಲ್ಲಿ ತಾಲ್ಲೂಕಿನ ಗಡಿ ಎಳೆದಿದ್ದರೆ ಆ ಗೆರೆಗಳನ್ನು ನಕ್ಷೆ ಮಾಡಿದವರು ಆಮೇಲೆ ಹಾಕಿದ್ದಾರೆ. ಒಳಗಿನ ಬಣ್ಣ ಅಷ್ಟು ನುಣುಪಾಗಿ ಕಾಣೋದು ಕಂಪ್ಯೂಟರ್ ಬಣ್ಣ ಹಚ್ಚುವ ರೀತಿಯಿಂದ.

ಈಗ ಈ ಚೌಕದೊಳಗೆ ನಮ್ಮ ಮಳೆ ಹೇಗೆ ಹುಟ್ಟುತ್ತದೆ ನೋಡಿ. ಮೇ ಕೊನೆಯ ಅಥವಾ ಸೆಪ್ಟೆಂಬರಿನ ಒಂದು ದಿನ. ಬೆಳಿಗ್ಗೆಯಿಂದ ಬಿಸಿಲು. ಎರೆ ನೆಲ ಕಾದು ಅದರ ಮೇಲಿನ ಗಾಳಿ ಏಳತೊಡಗುತ್ತದೆ. ಹನ್ನೊಂದು ಗಂಟೆಗೆ ಅಲ್ಲೊಂದು ಇಲ್ಲೊಂದು ಚಿಕ್ಕ ಬಿಳಿ ಮೋಡ. ಅವು ಬೆಳೆಯುತ್ತವೆ, ಕರಗುತ್ತವೆ. ಕರಗುವಾಗಲೆಲ್ಲ ತಮ್ಮ ತೇವವನ್ನು ಮೇಲಿನ ಒಣ ಗಾಳಿಗೆ ಕೊಟ್ಟು ಹೋಗುತ್ತವೆ. ಹೀಗೆ ಮೂರು ನಾಲ್ಕು ಗಂಟೆ ಮೇಲಿನ ಗಾಳಿ ಹದವಾಗುತ್ತದೆ. ಆಮೇಲೆ ಯಾವುದೋ ಒಂದು ಕಡೆ ಮೋಡ ತಡೆ ಒಡೆದು ಮೇಲೇಳುತ್ತದೆ. ಅರ್ಧ ಗಂಟೆಯಲ್ಲಿ ಹನ್ನೆರಡು ಹದಿನೈದು ಕಿ.ಮೀ. ಎತ್ತರ. ಸಂಜೆ ಐದಕ್ಕೆ ಗುಡುಗು, ತಣ್ಣನೆ ಗಾಳಿ, ದಪ್ಪ ಹನಿ. ಶಹಾಬಾದಿನಲ್ಲಿ ರಸ್ತೆ ಹಳ್ಳವಾಗುವಷ್ಟು ಸುರಿದು ಪಕ್ಕದ ವಾಡಿಯಲ್ಲಿ ಹನಿಯೂ ಇಲ್ಲ. ಆ ಮೋಡದ ಅಗಲ ಐದಾರು ಕಿ.ಮೀ., ಆಯಸ್ಸು ಸುಮಾರು ಒಂದು ತಾಸು. ಮೋಡ ಸತ್ತರೂ ಅದು ಚೆಲ್ಲಿದ ತಣ್ಣನೆಯ ಗಾಳಿ ನೆಲದ ಮೇಲೆ ಹರಡಿ ಮುಂದಿನ ಊರಲ್ಲಿ ಇನ್ನೊಂದು ಮೋಡವನ್ನು ಎಬ್ಬಿಸುತ್ತದೆ.

100 ಕಿ.ಮೀ. ಚೌಕದಲ್ಲಿ ಐದು ಕಿ.ಮೀ. ಮೋಡ ಕಾಣೋಕೆ ಸಾಧ್ಯವೇ? ಇಲ್ಲ. ಆದರೆ ಮಳೆಯನ್ನು ಬಿಟ್ಟು ಲೆಕ್ಕ ಮುಂದೆ ಹೋಗೋದಿಲ್ಲ. ಆವಿ ನೀರಾಗುವಾಗ ಹೊರಬರುವ ಶಾಖವೇ ಉಷ್ಣವಲಯದ ಗಾಳಿಯನ್ನು ಓಡಿಸುವ ದೊಡ್ಡ ಶಕ್ತಿ. ಆದ್ದರಿಂದ ವಿಜ್ಞಾನಿಗಳು ಅಂದಾಜಿನ ಸೂತ್ರ ಬರೆದು ಒಳಗೆ ಕೂರಿಸಿದ್ದಾರೆ. ಚೌಕದ ಸರಾಸರಿ ಉಷ್ಣಾಂಶ, ತೇವ ಇಷ್ಟಿದ್ದರೆ ಒಳಗೆ ಇಷ್ಟು ಮೋಡ ಎದ್ದು ಇಷ್ಟು ಮಳೆ ಸುರಿದಿರಬೇಕು ಎಂಬ ಸೂತ್ರ. ಪ್ಯಾರಾಮೀಟರೈಸೇಶನ್ ಎನ್ನೋದು ಇದಕ್ಕೇ. 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಸ್ಯುಕುರೊ ಮನಬೆ 1960ರ ದಶಕದಲ್ಲಿ ಬಹಳ ಸರಳವಾದ ಸೂತ್ರದಿಂದ ಶುರು ಮಾಡಿದರು. 1974ರಲ್ಲಿ ಅರಕಾವಾ ಮತ್ತು ಶುಬರ್ಟ್ ಇನ್ನೂ ಸೂಕ್ಷ್ಮವಾದದ್ದನ್ನು ಕೊಟ್ಟರು. ಅಲ್ಲಿಂದ ಇಲ್ಲಿವರೆಗೆ ಹತ್ತಾರು ಬಗೆ ಬಂದಿವೆ. ಎಲ್ಲವೂ ಜಾಣ ಸೂತ್ರಗಳೇ. ಆದರೂ ಅಂದಾಜು ಅಂದಾಜೇ.

ಆ ಅಂದಾಜು ಎಲ್ಲಿ ತಪ್ಪುತ್ತದೆ ಅನ್ನೋದು ನಮಗೆ ಬಹಳ ಮುಖ್ಯ, ಅದಕ್ಕೇ ಸ್ವಲ್ಪ ಇಲ್ಲೇ ನಿಲ್ಲುತ್ತೇನೆ. ಹಲವು ಮಾಡೆಲ್‌ಗಳ ಸೂತ್ರ ತುಂಬಾ ಬೇಗ ಎಚ್ಚರವಾಗುತ್ತದೆ. ಬಿಸಿಲೇರಿ ಕೆಳಗಿನ ಗಾಳಿ ಹಗುರಾದ ಕೂಡಲೇ ಮಳೆ ಸುರಿಸಿಬಿಡುತ್ತದೆ. ನಿಜವಾದ ಮೋಡ ಮೂರು ನಾಲ್ಕು ಗಂಟೆ ಕಾಯುವ ಆಟ ಅದಕ್ಕೆ ಗೊತ್ತಿಲ್ಲ. ಹಾಗಾಗಿ ನೆಲದ ಮೇಲೆ ಸಂಜೆ ಬೀಳಬೇಕಾದ ಮಳೆ ಈ ಮಾಡೆಲ್‌ಗಳಲ್ಲಿ ನಡು ಮಧ್ಯಾಹ್ನಕ್ಕೇ ಬೀಳುತ್ತದೆ. ಹೊತ್ತು ತಪ್ಪಿದರೆ ಏನಾಯ್ತು ಎನ್ನಬೇಡಿ. ದಿನಾಲೂ ಬೇಗ ಬೇಗ ಸ್ವಲ್ಪ ಸ್ವಲ್ಪ ತೇವ ಖಾಲಿಯಾದರೆ ದೊಡ್ಡ ಮಳೆಗೆ ಕೂಡಿ ಬರಬೇಕಾದ ತೇವ ಕೂಡೋದೇ ಇಲ್ಲ. ಒಂದೇ ಕಡೆ ಸುರಿಯಬೇಕಾದ ಕೊಡದ ನೀರನ್ನು ಅಂಗಳದ ತುಂಬ ಚಿಮುಕಿಸಿದ ಹಾಗಾಗುತ್ತದೆ. 2010ರ ಸುಮಾರಿಗೆ ಕ್ಲೌಡ್‌ಸ್ಯಾಟ್ ಉಪಗ್ರಹದ ಅಳತೆಗಳ ಜೊತೆ ಹೋಲಿಸಿ ನೋಡಿದಾಗ, ಆಗಿನ ಮಾಡೆಲ್‌ಗಳು ಸಮುದ್ರದ ಮೇಲೆ ನಿಜಕ್ಕಿಂತ ಸುಮಾರು ಎರಡು ಪಟ್ಟು ಸಲ ಮಳೆ ಸುರಿಸುತ್ತಿದ್ದವು. ಪ್ರತಿ ಸಲವೂ ತೀರಾ ಹಗುರವಾಗಿ. ಆಮೇಲೆ ಸುಧಾರಣೆ ಆಗಿದೆ, ಆದರೆ ಈ ಜಿಟಿಜಿಟಿ ಮಳೆಯ ರೋಗ ಪೂರ್ತಿ ವಾಸಿಯಾಗಿಲ್ಲ.

ಇದನ್ನು ನಿಮ್ಮ ಹೊಲಕ್ಕೆ ತಂದು ನೋಡಿ. ಒಂದು ತಿಂಗಳಲ್ಲಿ 60 ಮಿ.ಮೀ. ಮಳೆ ಎಂದು ಮಾಡೆಲ್ ಹೇಳಿತು, ನಿಜವಾಗಿಯೂ 60 ಮಿ.ಮೀ. ಬಿತ್ತು. ಕಾಗದದ ಮೇಲೆ ನೂರಕ್ಕೆ ನೂರು ಅಂಕ. ಆದರೆ ಮಾಡೆಲ್‌ನಲ್ಲಿ ಅದು ದಿನಕ್ಕೆ 3 ಮಿ.ಮೀ.ನಂತೆ ಇಪ್ಪತ್ತು ದಿನ. ಹೊಲದಲ್ಲಿ ಒಂದೇ ಸಂಜೆಯ ಎರಡು ತಾಸು, ಉಳಿದ ದಿನವೆಲ್ಲ ಬಿಸಿಲು. 3 ಮಿ.ಮೀ. ಮಳೆ ನೆಲದ ಮೇಲ್ಮೈ ತೋಯಿಸಿ ಆವಿಯಾಗುತ್ತದೆ, ಬೇರಿಗೆ ಇಳಿಯೋದಿಲ್ಲ. ಎರಡು ತಾಸಿನ 60 ಮಿ.ಮೀ. ಮೊದಲು ಬಿರುಕಿನೊಳಗೆ ಇಳಿಯುತ್ತದೆ. ಎರೆ ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಉಳಿದ ನೀರು ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ. ಬೆಳೆಗೆ ಇವೆರಡೂ ಒಂದೇ ಅಲ್ಲ. ನಡುವಿನ ಒಣ ದಿನಗಳು ಎಷ್ಟು, ಒಂದೇ ಏಟಿಗೆ ಎಷ್ಟು ಸುರಿಯಿತು ಅನ್ನೋದೇ ಬೆಳೆಯ ಹಣೆಬರಹ. ಜಿಟಿಜಿಟಿ ಮಳೆಯ ಮಾಡೆಲ್‌ನಲ್ಲಿ ತೆರಪು ನಿಜಕ್ಕಿಂತ ಚಿಕ್ಕದಾಗಿಯೇ ಕಾಣುತ್ತದೆ. ನನ್ನ ಮಟ್ಟಿಗೆ ಉಷ್ಣವಲಯದ ಮಳೆಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇಲ್ಲ. ಇದರ ಬಗ್ಗೆ ತರಬೇತಿಗಳಲ್ಲಿ ಒಂದು ಮಾತೂ ಹೇಳದೆ ಬರೀ ಒಟ್ಟು ಮಳೆಯ ನಕ್ಷೆ ತೋರಿಸಿ ಕಳಿಸೋದು ನನಗೆ ಸರಿ ಕಾಣೋದಿಲ್ಲ.

ಯುರೋಪಿನ ಕಡೆ ಈ ತೊಂದರೆ ಇಷ್ಟಿಲ್ಲ. ಅಲ್ಲಿ ಚಳಿಗಾಲದ ಮಳೆ ಬರೋದು ನೂರಾರು ಕಿ.ಮೀ. ಉದ್ದದ ಬಿಸಿಗಾಳಿ, ತಣ್ಣನೆ ಗಾಳಿಗಳ ಗಡಿಯಲ್ಲಿ. ಅಷ್ಟು ದೊಡ್ಡದು ಚೌಕಗಳಲ್ಲಿ ಚೆನ್ನಾಗಿ ಕಾಣುತ್ತದೆ. ಸಮಭಾಜಕದ ಹತ್ತಿರ ಬಂದಂತೆ ಭೂಮಿಯ ತಿರುಗಾಟದ ಪ್ರಭಾವ ಗಾಳಿಯ ಮೇಲೆ ಕಡಿಮೆ. ಉಷ್ಣಾಂಶ ಊರಿಂದ ಊರಿಗೆ ಹೆಚ್ಚು ಬದಲಾಗೋದಿಲ್ಲ, ಇದ್ದ ಸಣ್ಣ ವ್ಯತ್ಯಾಸವೂ ಬೇಗ ಹರಡಿ ಸಮವಾಗುತ್ತದೆ. ಹಾಗಾಗಿ ಮಳೆ ಎಲ್ಲಿ ಬೀಳಬೇಕು ಎಂದು ತೀರ್ಮಾನಿಸೋದು ತೇವ ಮತ್ತು ಚಿಕ್ಕ ಚಿಕ್ಕ ಮೋಡಗಳು. ಅಂದರೆ ಮಾಡೆಲ್ ಅಂದಾಜಿಗೆ ಬಿಟ್ಟ ಭಾಗವೇ ನಮ್ಮ ಕಡೆ ಯಜಮಾನ.

ಇದರ ಪರಿಣಾಮ ಸಣ್ಣ ಮೋಡಕ್ಕೇ ನಿಲ್ಲೋದಿಲ್ಲ, ಇಡೀ ಮುಂಗಾರಿನ ಜಾಗವೇ ಕದಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಅವರು ಮುಂಗಾರನ್ನು ಉಷ್ಣವಲಯದ ಮಳೆ ಪಟ್ಟಿಯ ವಾರ್ಷಿಕ ಪಯಣ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು. ಬೇಸಿಗೆ ಕಳೆದಂತೆ ಆ ಪಟ್ಟಿ ಸಮುದ್ರದಿಂದ ಮೇಲೆದ್ದು ನಮ್ಮ ನೆಲಕ್ಕೆ ಬರುತ್ತದೆ. ಅವರು ಮತ್ತು ಸಹ ಸಂಶೋಧಕರಾದ ಸಜನಿ 1998ರಲ್ಲಿ ಜಗತ್ತಿನ 30 ಮಾಡೆಲ್‌ಗಳನ್ನು ಒಟ್ಟಿಗೆ ಪರೀಕ್ಷೆಗೆ ಹಚ್ಚಿದರು. ಕೆಲವು ಮಾಡೆಲ್‌ಗಳಲ್ಲಿ ಮಳೆ ಪಟ್ಟಿ ಸರಿಯಾಗಿ ಭಾರತಕ್ಕೆ ಬಂತು. ಇನ್ನು ಕೆಲವುಗಳಲ್ಲಿ ಮುಂಗಾರಿನ ತಿಂಗಳಲ್ಲೂ ಸಮಭಾಜಕದ ಸಮುದ್ರದ ಮೇಲೇ ಕೂತುಬಿಟ್ಟಿತು! ನಮ್ಮ ದೇಶಕ್ಕೆ ಇದು ಎಂಥ ಕಣ್ತೆರೆಸುವ ಕೆಲಸ ಎಂದು ಯೋಚಿಸಿ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ, ಮಾಡೆಲ್‌ಗಳು ಬಹಳ ಸುಧಾರಿಸಿವೆ. ಆದರೂ ಆ ವಾಲಿಕೆ ಪೂರ್ತಿ ಹೋಗಿಲ್ಲ. ಹಲವು ಮಾಡೆಲ್‌ಗಳ ಸರಾಸರಿಯಲ್ಲಿ ಇಂದಿಗೂ ಮಧ್ಯ ಭಾರತದಲ್ಲಿ ಮಳೆ ಕಡಿಮೆ, ಸಮಭಾಜಕದ ಹಿಂದೂ ಮಹಾಸಾಗರದ ಮೇಲೆ ಜಾಸ್ತಿ. ಅತ್ತ ಪೆಸಿಫಿಕ್ ಸಾಗರದಲ್ಲಿ ಮುಖ್ಯವಾಗಿ ಒಂದೇ ಇರಬೇಕಾದ ಮಳೆ ಪಟ್ಟಿ ಸಮಭಾಜಕದ ಎರಡೂ ಕಡೆ ಜೋಡಿಯಾಗಿ ಕಾಣೋದು 1990ರ ದಶಕದಿಂದಲೂ ಬೆನ್ನು ಬಿಡದ ತಪ್ಪು.

ಸಮುದ್ರದ ಕಡೆಯಿಂದ ಇನ್ನೊಂದು ಪೆಟ್ಟು. ಅನೇಕ ಮಾಡೆಲ್‌ಗಳಲ್ಲಿ ಚಳಿಗಾಲ ಮತ್ತು ಬೇಸಿಗೆಯ ಹೊತ್ತಿಗೆ ಅರಬ್ಬಿ ಸಮುದ್ರ ನಿಜಕ್ಕಿಂತ ತಣ್ಣಗಿರುತ್ತದೆ. ತಣ್ಣನೆ ಸಮುದ್ರದಿಂದ ಏಳುವ ಆವಿ ಕಡಿಮೆ. ಮುಂಗಾರು ಕಾಲಿಡೋದೂ ತಡ, ಶುರುವಿನ ಮಳೆಯೂ ತೆಳು.

ಇನ್ನು ಪಶ್ಚಿಮ ಘಟ್ಟ. ನಮ್ಮ ಮಳೆಯ ಕತೆಯಲ್ಲಿ ಅದನ್ನು ಬಿಡೋ ಹಾಗೇ ಇಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು. ಅಲ್ಲಿಂದ ಪೂರ್ವಕ್ಕೆ ಮುನ್ನೂರು ಚಿಲ್ಲರೆ ಕಿ.ಮೀ. ಬಂದರೆ ಕಲಬುರಗಿ, ಇಲ್ಲಿ 700ರಿಂದ 800. ನಡುವೆ ಸೊಲ್ಲಾಪುರ, ವಿಜಯಪುರದ ಒಣ ಪಟ್ಟಿ. ಬೀದರ್, ಚಿಂಚೋಳಿ ಹೊತ್ತಿಗೆ ಮಳೆ ಮತ್ತೆ ಚೇತರಿಸಿಕೊಳ್ಳುತ್ತದೆ. ಘಟ್ಟದ ಗೋಡೆ ಎದ್ದು ನಿಂತಿರೋದು ಕೆಲವೇ ಹತ್ತು ಕಿ.ಮೀ. ಅಗಲದಲ್ಲಿ. 100 ಕಿ.ಮೀ. ಚೌಕದಲ್ಲಿ ಸರಾಸರಿ ತೆಗೆದರೆ ಗೋಡೆ ಹೋಗಿ ಇಳಿಜಾರು ದಿಬ್ಬ ಉಳಿಯುತ್ತದೆ. ಆ ದಿಬ್ಬ ಮೋಡದ ನೀರನ್ನು ಅಷ್ಟಾಗಿ ಹಿಂಡೋದಿಲ್ಲ. ಘಟ್ಟದ ಮಳೆ ಕಡಿಮೆಯಾಗುತ್ತದೆ, ಮಳೆ ನೆರಳಿನ ಗಡಿ ಕದಡಿಹೋಗುತ್ತದೆ. ನಾವಿರೋದು ಆ ಗಡಿಯ ಅಂಚಿನಲ್ಲೇ. ಚೌಕ ಒಂದು ಆಚೆ ಈಚೆ ಆದರೂ ನಮ್ಮ ಅಂಕಿ ಬದಲಾಗುತ್ತದೆ.

ನಮ್ಮ ಮಳೆಗೆ ಪೂರ್ವದ ಬಾಗಿಲೂ ಇದೆ. ಉತ್ತರಿ, ಹಸ್ತಿ ಮಳೆ ಜೋರಾಗೋದು ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಮುಟ್ಟಿದ ಕುಸಿತ ತೆಲಂಗಾಣ ದಾಟಿ ನಮ್ಮ ಕಡೆ ಬಂತು. ಅವತ್ತು ರಾತ್ರಿ ಹೈದರಾಬಾದ್ ಮುಳುಗಿತು. ಮರುದಿನ ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮಳೆ. ಉಜನಿ ಅಣೆಕಟ್ಟಿನ ನೀರೂ ಸೇರಿ ಭೀಮೆ ಉಕ್ಕಿ ದಂಡೆಯ ಹಳ್ಳಿಗಳ ಜನ ಊರು ಬಿಡಬೇಕಾಯಿತು. ನಿಂತ ತೊಗರಿ ನೀರಲ್ಲಿ ಕೊಳೆತದ್ದನ್ನು ನೀವೂ ನೋಡಿರುತ್ತೀರಿ. ಹವಾಮಾನ ಇಲಾಖೆಯ ಸೂಕ್ಷ್ಮ ಮಾಡೆಲ್‌ಗಳು ಇಂಥ ಕುಸಿತದ ದಾರಿಯನ್ನು ಕೆಲವು ದಿನ ಮೊದಲೇ ಹಿಡಿಯಬಲ್ಲವು. 2050ರ ನಕ್ಷೆಗೆ ಬಳಸುವ ಒರಟು ಚೌಕದ ಹಲವು ಮಾಡೆಲ್‌ಗಳಲ್ಲಿ ಇಂಥ ಕುಸಿತಗಳು ನಿಜಕ್ಕಿಂತ ದುರ್ಬಲ. ಹಾಗಾಗಿ ನಮ್ಮ ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಬಗ್ಗೆ ಅವು ಹೇಳೋದನ್ನು ನಾನು ಎಚ್ಚರದಿಂದ ಓದುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ, ಮಾಡೆಲ್‌ಗಳನ್ನು ಬಿಸಾಕಿ ಎಂದು ಮಾತ್ರ ಖಂಡಿತ ಹೇಳೋದಿಲ್ಲ. ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ದಶಕಗಳ ಹಿಂದೆ ಅವು ಹೇಳಿದ್ದು ಬಹುಮಟ್ಟಿಗೆ ಹಾಗೇ ಆಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಸುಮಾರು 7 ಶೇಕಡಾ ಹೆಚ್ಚುತ್ತದೆ. ಇದು ಮಾಡೆಲ್ ಇಲ್ಲದೆಯೂ ಗೊತ್ತಿರುವ ಭೌತಶಾಸ್ತ್ರ. ಆದರೆ ಇಡೀ ಭೂಮಿಯ ಒಟ್ಟು ಮಳೆ ಅಷ್ಟು ಏರೋದಿಲ್ಲ. ಡಿಗ್ರಿಗೆ 1ರಿಂದ 3 ಶೇಕಡಾ ಮಾತ್ರ, ಏಕೆಂದರೆ ಮಳೆಯಾಗುವಾಗ ಹೊರಬಂದ ಶಾಖ ಬಾಹ್ಯಾಕಾಶಕ್ಕೆ ಹೋಗೋದಕ್ಕೆ ಒಂದು ಮಿತಿ ಇದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸುರಿದಾಗ 7 ಶೇಕಡಾದ ಲೆಕ್ಕದಲ್ಲಿ ಜೋರು, ಒಟ್ಟು ಹೆಚ್ಚೋದು ಮಾತ್ರ ಕಡಿಮೆ. ಅಂದರೆ ಜೋರು ಮಳೆ ಇನ್ನೂ ಜೋರಾಗುತ್ತದೆ, ನಡುವಿನ ಒಣ ದಿನಗಳು ಹೆಚ್ಚುತ್ತವೆ. ನೀವು ಹೊಲದಲ್ಲಿ ಕಾಣುತ್ತಿರೋದೂ ಇದೇ ದಿಕ್ಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು ಮಧ್ಯ ಭಾರತದ ಮಳೆ ದಾಖಲೆ ತೆಗೆದು ನೋಡಿದಾಗ, 1950ರಿಂದ 2015ರ ನಡುವೆ ವಿಶಾಲ ಪ್ರದೇಶಕ್ಕೆ ಹಬ್ಬುವ ಅತಿ ಭಾರೀ ಮಳೆಯ ಘಟನೆಗಳು ಮೂರು ಪಟ್ಟಾಗಿದ್ದವು. ಅದೇ ಅವಧಿಯಲ್ಲಿ ಒಟ್ಟು ಮಳೆ ಕಡಿಮೆಯಾಗಿತ್ತು! ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳು ಆ ಅಧ್ಯಯನದ ಪ್ರದೇಶಕ್ಕಿಂತ ಸ್ವಲ್ಪ ದಕ್ಷಿಣಕ್ಕಿವೆ, ಹಾಗಾಗಿ ಮೂರು ಪಟ್ಟು ಎಂಬ ಅಂಕಿಯನ್ನು ಇಲ್ಲಿಗೆ ಹಚ್ಚಬಾರದು.

ಮುಂದೆ ದಕ್ಷಿಣ ಏಷ್ಯಾದ ಮುಂಗಾರು ಮಳೆ ಒಟ್ಟಾರೆ ಹೆಚ್ಚುತ್ತದೆ ಎಂದು ಐಪಿಸಿಸಿ 2021ರಲ್ಲಿ ಹೇಳಿದೆ. ನಿಮಗೆ ತೋರಿಸಿದ ನಕ್ಷೆಯ ಬೇರು ಇಂಥ ಲೆಕ್ಕದಲ್ಲೇ ಇರಬೇಕು. ಉಪಖಂಡದ ಮಟ್ಟಕ್ಕೆ ನಾನು ಅದನ್ನು ಒಪ್ಪುತ್ತೇನೆ.

ಒಟ್ಟು ಸರಿ ಬಂದರೂ ರೈತ ಸೋಲೋದು ಹೇಗೆ ಅನ್ನೋದಕ್ಕೆ 2023ಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ದೇಶಕ್ಕೆ ವಾಡಿಕೆಯ 96 ಶೇಕಡಾ ಮಳೆ ಎಂದಿತ್ತು. ಬಂದದ್ದು 94. ಮುನ್ಸೂಚನೆ ಗೆದ್ದಿತು. ಆದರೆ ಜುಲೈನಲ್ಲಿ ವಾಡಿಕೆಗಿಂತ 13 ಶೇಕಡಾ ಹೆಚ್ಚು ಸುರಿದು ಆಗಸ್ಟಿನಲ್ಲಿ 36 ಶೇಕಡಾ ಕೊರತೆ. ದೇಶದ ಮಟ್ಟಿಗೆ 1901ರ ನಂತರದ ಅತಿ ಒಣ ಆಗಸ್ಟ್ ಅದು. ಕರ್ನಾಟಕದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2009 ಇದಕ್ಕೆ ತದ್ವಿರುದ್ಧ. ದೇಶಕ್ಕೆ 78 ಶೇಕಡಾ ಮಳೆಯ ದೊಡ್ಡ ಬರ. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿತು.

ಚೌಕ ಚಿಕ್ಕದು ಮಾಡಿದರೆ ಆಯ್ತಲ್ಲ ಎಂದು ಕೇಳಬಹುದು. ಅದೇ ದಾರಿಯಲ್ಲಿ ಎಲ್ಲರೂ ಹೊರಟಿದ್ದಾರೆ. ಆದರೆ ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಲೆಕ್ಕದ ಪ್ರತಿ ಹೆಜ್ಜೆಯೂ ಅರ್ಧ ಸಮಯದ್ದಾಗಬೇಕು. ಒಟ್ಟು ಕೆಲಸ ಎಂಟು ಪಟ್ಟು. 100 ಕಿ.ಮೀ.ಯಿಂದ 1 ಕಿ.ಮೀ.ಗೆ ಇಳಿಯಬೇಕೆಂದರೆ ಹತ್ತು ಲಕ್ಷ ಪಟ್ಟು. 2025ರ ಮೇ ತಿಂಗಳಲ್ಲಿ ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿ.ಮೀ. ಚೌಕದಲ್ಲಿ ಕೆಲಸ ಶುರು ಮಾಡಿತು. ಪುಣೆಯ ಐಐಟಿಎಂನಲ್ಲಿ ಬೆಳೆದ ಈ ವ್ಯವಸ್ಥೆಯ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ಇದೆ. ಹಿಂದಿನದು ಸುಮಾರು 12 ಕಿ.ಮೀ.ಯದು. ಆದರೆ ಇದು ಕೆಲವು ದಿನಗಳ ಮುನ್ಸೂಚನೆಗೆ. ಮೂರ್ನಾಲ್ಕು ಕಿ.ಮೀ. ಚೌಕಕ್ಕೆ ಇಳಿದಾಗ ದೊಡ್ಡ ಮೋಡಗಳು ಸೂತ್ರದ ಹಂಗಿಲ್ಲದೆ ತಾವೇ ಏಳುತ್ತವೆ. ಮಳೆಯ ಹೊತ್ತು ಮಧ್ಯಾಹ್ನದಿಂದ ಸಂಜೆಯ ಕಡೆ ಸರಿಯುತ್ತದೆ, ಜೋರು ಮಳೆ ಜೋರಾಗಿ ಬರುತ್ತದೆ. ಜಪಾನಿನ ವಿಜ್ಞಾನಿಗಳು ನಿಕ್ಯಾಮ್ ಎಂಬ ಮಾಡೆಲ್‌ನಿಂದ ಇದನ್ನು ಇಡೀ ಭೂಮಿಗೆ ಮಾಡಿ ತೋರಿಸಿದ್ದಾರೆ. ಅಷ್ಟು ಸೂಕ್ಷ್ಮದಲ್ಲಿ ನೂರು ವರ್ಷ ಓಡಿಸೋದು, ಅದೂ ಹತ್ತಾರು ಸಲ ಓಡಿಸೋದು ಇನ್ನೂ ಕೈಗೆಟುಕಿಲ್ಲ. ಕೃತಕ ಬುದ್ಧಿಮತ್ತೆಯ ಮಾಡೆಲ್‌ಗಳು ಮುಂದಿನ ಹತ್ತು ಹದಿನೈದು ದಿನಗಳ ವಿಷಯದಲ್ಲಿ ಬಹಳ ಚೆನ್ನಾಗಿ ಓಡುತ್ತಿವೆ. ಆದರೆ ಅವು ಕಲಿತದ್ದು ಕಳೆದ ವರ್ಷಗಳ ಹವೆಯಿಂದ. ಹಿಂದೆಂದೂ ಇಲ್ಲದಷ್ಟು ಬಿಸಿಯಾದ ಭೂಮಿಯ ಬಗ್ಗೆ ಅವುಗಳ ಮಾತನ್ನು ನಾನು ಸದ್ಯಕ್ಕೆ ಎಚ್ಚರದಿಂದಲೇ ಕೇಳುತ್ತೇನೆ.

ಮುಂದಿನ ಸಲ ಯಾರಾದರೂ ಇಂಥ ನಕ್ಷೆ ತೋರಿಸಿದರೆ ಸುಮ್ನೆ ಕೇಳಿಸಿಕೊಂಡು ಬರಬೇಡಿ. ಚೌಕ ಎಷ್ಟು ದೊಡ್ಡದು ಎಂದು ಕೇಳಿ. ಎಷ್ಟು ಮಾಡೆಲ್‌ಗಳು, ಅವುಗಳಲ್ಲಿ ಎಷ್ಟು ಹೆಚ್ಚು ಎನ್ನುತ್ತವೆ, ಎಷ್ಟು ಕಡಿಮೆ ಎನ್ನುತ್ತವೆ ಎಂದು ಕೇಳಿ. ಬರೀ ಸರಾಸರಿ ತೋರಿಸಿದರೆ ಒಳಗಿನ ಜಗಳ ಕಾಣೋದಿಲ್ಲ. ಅಂಕಿಗಳನ್ನು ಹಿಂದಿನ ಮಳೆಗೆ ಹೊಂದುವಂತೆ ತಿದ್ದಿದ್ದೀರಾ ಎಂದೂ ಕೇಳಿ. ಬಹುತೇಕ ತಿದ್ದಿರುತ್ತಾರೆ, ಅದು ತಪ್ಪೂ ಅಲ್ಲ. ಆದರೆ ತಿದ್ದಿದಾಗ ಸರಾಸರಿ ಸರಿಹೋಗುತ್ತದೆ, ಮೋಡ ಏಳುವ ಬಗೆ ಸರಿಹೋಗೋದಿಲ್ಲ. ಇನ್ನೊಂದು, "ಹತ್ತು ಶೇಕಡಾ ಹೆಚ್ಚಳ" ಎಂದರೆ ನಮ್ಮ ಕಡೆ ಸುಮಾರು 75 ಮಿ.ಮೀ. ಇಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ 150, 200 ಮಿ.ಮೀ. ಏರುಪೇರು ಮಾಮೂಲು. ಅಷ್ಟು ಹೆಚ್ಚಳ ಆದರೂ ಹೊಲದಲ್ಲಿ ನಿಂತವರ ಕಣ್ಣಿಗೆ ಎಷ್ಟೋ ವರ್ಷ ಬೀಳದೇ ಹೋಗಬಹುದು.

ಈಗ ತೊಗರಿ. ಮಳೆ ತೆರಪು ಕೊಟ್ಟರೆ ಆಳದ ಬೇರಿನಿಂದ ತಡೆದುಕೊಳ್ಳುವ ಬೆಳೆ ಅದು. ಅದಕ್ಕಾಗದ್ದು ನಿಂತ ನೀರು. ಜೋರು ಮಳೆ, ಉದ್ದ ತೆರಪು ಎರಡೂ ಹೆಚ್ಚುವ ದಿಕ್ಕಿಗೆ ಹೋಗುತ್ತಿರುವಾಗ ಬೆಳೆ ಬದಲಿಸೋದಕ್ಕಿಂತ ಮೊದಲು ನೀರು ಹೊರಹೋಗುವ ದಾರಿ ನೋಡಿ. ಹೈದರಾಬಾದ್ ಹತ್ತಿರ ಪಟಾಂಚೆರುವಿನ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಎರೆ ಭೂಮಿಗೆಂದೇ ರೂಪಿಸಿದ ಅಗಲ ಮಡಿ ಮತ್ತು ಸಾಲಿನ ಪದ್ಧತಿ ಇಲ್ಲಿಗೆ ಹೊಂದುತ್ತದೆ. ಮಡಿ ಮೇಲೆ ಬೆಳೆ, ಸಾಲಿನಲ್ಲಿ ನೀರು. ಭಾರೀ ಮಳೆಯಲ್ಲಿ ನೀರು ಸಾಲು ಹಿಡಿದು ನಿಧಾನ ಹೊರಹೋಗುತ್ತದೆ, ಹಗುರ ಮಳೆಯಲ್ಲಿ ಮಡಿಗೆ ಇಂಗುತ್ತದೆ. ತಳಿಯಲ್ಲೂ ಟಿಎಸ್-3ಆರ್‌ನಂಥ ನೆಟೆ ರೋಗ ತಡೆಯುವುದನ್ನೇ ನೋಡಿ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರು ನಿಮ್ಮ ಮಣ್ಣಿಗೆ ಯಾವುದು ಎಂದು ಹೇಳುತ್ತಾರೆ.

ಹೊಂಡಕ್ಕೆ ಹೌದು ಎಂದದ್ದು ಮಳೆ ಹೆಚ್ಚುತ್ತದೆ ಎಂಬ ನಕ್ಷೆಯನ್ನು ನಂಬಿ ಅಲ್ಲ. ಒಟ್ಟು ಮಳೆ ಹೆಚ್ಚಲಿ, ಕಡಿಮೆಯಾಗಲಿ, ಮಳೆ ಗುಂಪುಗುಂಪಾಗಿ ಬೀಳುವ ದಿಕ್ಕಂತೂ ಗಟ್ಟಿ ಇದೆ. ಎರಡರಲ್ಲೂ ಹೊಂಡ ಕೆಲಸಕ್ಕೆ ಬರುತ್ತದೆ. ಒಂದು ಎಕರೆ ಮೇಲೆ 50 ಮಿ.ಮೀ. ಬಿದ್ದರೆ ಅದು 2 ಲಕ್ಷ ಲೀಟರ್ ನೀರು. ಅದರ ಕಾಲು ಭಾಗ ಹರಿದು ಬಂದರೂ 50,000 ಲೀಟರ್. ಎಷ್ಟು ಎಕರೆಯ ನೀರು ಹೊಂಡದ ಕಡೆ ಇಳಿಯುತ್ತದೆ ಎಂದು ಮೊದಲು ಅಳೆದುಕೊಳ್ಳಿ. ಆಮೇಲೆ ಹಳೆಯ ಮಳೆ ಲೆಕ್ಕ ತೆಗೆಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅವು 15 ನಿಮಿಷಕ್ಕೊಮ್ಮೆ ಮಳೆ ದಾಖಲಿಸುತ್ತವೆ. ನಿಮ್ಮ ಪಂಚಾಯಿತಿಯದನ್ನು ಕೇಳಿ, ಎರಡು ಅಂಕಿ ಬರೆದಿಟ್ಟುಕೊಳ್ಳಿ: ಜುಲೈ, ಆಗಸ್ಟಿನಲ್ಲಿ ಪ್ರತಿ ವರ್ಷದ ಅತಿ ಉದ್ದದ ತೆರಪು ಎಷ್ಟು ದಿನ, ಒಂದು ದಿನದ ಅತಿ ಜೋರು ಮಳೆ ಎಷ್ಟು. ಹೊಂಡದ ಗಾತ್ರವನ್ನು ಮೊದಲ ಅಂಕಿಯಿಂದ ತೀರ್ಮಾನಿಸಿ: ಅಷ್ಟು ದಿನದ ತೆರಪಿನಲ್ಲಿ ಬೆಳೆಗೆ ಒಂದು ಸಲ ನೀರು ಕೊಡುವಷ್ಟು ನಿಲ್ಲಬೇಕು. ಎರಡನೆಯದರಿಂದ ಕೋಡಿಯ ಅಗಲ ಗೊತ್ತಾಗುತ್ತದೆ. ಕೋಡಿಯನ್ನು ಮಾತ್ರ ಈವರೆಗಿನ ಅತಿ ಜೋರು ಮಳೆಗಿಂತ ಒಂದಷ್ಟು ಹೆಚ್ಚೇ ಹಿಡಿಯುವಂತೆ ಬಿಡಿಸಿ, ಕಲ್ಲು ಕಟ್ಟಿಸಿ. ಬಿತ್ತಿಗೆ ಹೊತ್ತಿಗೆ ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ನಾಲ್ಕು ವಾರದ ಮುನ್ನೋಟ ನೋಡಿ. ಅದರಲ್ಲಿ ಮೊದಲ ಎರಡು ವಾರಗಳದ್ದಕ್ಕೆ ಹೆಚ್ಚು ಬೆಲೆ ಕೊಡಿ.